ಶಾಲೆ ನಡೆಸುವ ಮಠ-ಸಂಘಗಳ ಹಿರಿಯರಿಗೆ, ತಂಗಡಗಿಯಿಂದ

ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಸೀಮೆಯಲ್ಲಿ ಶಾಲೆ, ಕಾಲೇಜು, ಪ್ರಸಾದ ನಿಲಯ ನಡೆಸುತ್ತಿರುವ ಮಠಗಳ ಪೂಜ್ಯರಿಗೆ, ಸಂಘಗಳ ಅಧ್ಯಕ್ಷರಿಗೆ, ಆಡಳಿತ ಮಂಡಳಿಯ ಹಿರಿಯರಿಗೆ ಈ ಪತ್ರ.

ಜಾತ್ರೆಯಿರಲಿ, ಪುರಾಣದ ಮಂಗಲವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಈಚೆಗೆ ನಿಮ್ಮ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತಿದೆ. ಮಿಷನರಿಗಳು ಶಾಲೆಯ ನೆವದಲ್ಲಿ ಬಂದು ನಮ್ಮ ಬಡ ಮಕ್ಕಳನ್ನು ಮತಾಂತರ ಮಾಡುತ್ತಾರೆ, ಎಚ್ಚರದಿಂದಿರಿ ಎನ್ನುತ್ತೀರಿ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ನನ್ನಂಥವನನ್ನು ಹಿರಿಯನೆಂದು ಮುಂದಿನ ಸಾಲಿನಲ್ಲಿ ಕೂಡಿಸುತ್ತೀರಿ, ಹಾಗಾಗಿ ನಾನೂ ಪೂರ್ತಿ ಕೇಳುತ್ತೇನೆ. ಆ ಮಾತಿನಲ್ಲಿ ಭಯವಿದೆ, ಚರಿತ್ರೆಯಿಲ್ಲ. ಚರಿತ್ರೆ ಬೇಕೆಂದರೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ.

ಹೊಳೆ ದಾಟಿ ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಹೋದರೆ, 1557ಕ್ಕೂ ಮೊದಲೇ ಕಟ್ಟಿದ್ದೆಂದು ಹೇಳುವ ಚರ್ಚಿದೆ. ವಿಜಯಪುರದ ಆದಿಲಶಾಹಿ ದರ್ಬಾರು ನಡೆಯುತ್ತಿದ್ದ ಕಾಲ ಅದು. ಆ ಲೆಕ್ಕದಲ್ಲಿ ಕ್ರೈಸ್ತ ಪಾದ್ರಿಗಳು ನಮ್ಮ ನೆರೆಗೆ ಬಂದು ನಾಲ್ಕೂವರೆ ಶತಮಾನ ದಾಟಿತು. ಇಷ್ಟಾಗಿಯೂ ಮುದಗಲ್ಲಿನ ಹೆಸರು ಹೇಳಿದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೋಟೆ ಮತ್ತು ಮೊಹರಂ. ಸುತ್ತಲಿನ ಊರುಗಳ ಹನುಮಪ್ಪ, ದ್ಯಾಮವ್ವ, ಬಸವಣ್ಣ ಎಲ್ಲರೂ ತಮ್ಮ ತಮ್ಮ ಗುಡಿಯಲ್ಲೇ ಇದ್ದಾರೆ. ಇಡೀ ಕರ್ನಾಟಕದ ಲೆಕ್ಕ ಬೇಕಾದರೆ, 2001ರ ಜನಗಣತಿಯಲ್ಲಿ ಕ್ರೈಸ್ತರು ನೂರಕ್ಕೆ 1.91 ಇದ್ದರು, 2011ರಲ್ಲಿ 1.87. ಅದರಲ್ಲೂ ಹೆಚ್ಚಿನವರು ಕರಾವಳಿ ಮತ್ತು ಬೆಂಗಳೂರಿನ ಕಡೆಯವರು.

ಬಾಸೆಲ್ ಮಿಷನ್ನಿನ ಕಥೆ ನಿಮಗೆ ಗೊತ್ತಿರುವುದೇ. 1834ರಲ್ಲಿ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಗದಗಿನ ಬೆಟಗೇರಿ, 1851ಕ್ಕೆ ಗುಳೇದಗುಡ್ಡ, 1885ಕ್ಕೆ ನಮ್ಮ ವಿಜಯಪುರ. ಹೋದಲ್ಲೆಲ್ಲ ಶಾಲೆ ತೆರೆದರು. ಶಾಲೆ ಅವರಿಗೆ ಸುವಾರ್ತೆ ಸಾರುವ ದಾರಿಯಾಗಿತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಬೈಬಲ್ ಪಾಠವಿಲ್ಲದೆ ಅವರ ಶಾಲೆಯ ದಿನ ಸಾಗುತ್ತಿರಲಿಲ್ಲ. ನಮ್ಮ ದೇವರನ್ನು ಕಲ್ಲು-ಮಣ್ಣು ಎಂದು ಹಳಿಯುವ ಕರಪತ್ರಗಳನ್ನು ಸಂತೆಯಲ್ಲಿ ಹಂಚಿದವರೂ ಅವರೇ. ಅವರನ್ನು ಸಂತರೆಂದು ಹೊಗಳಲು ಈ ಪತ್ರ ಬರೆಯುತ್ತಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, ಬಸವ ಪುರಾಣವನ್ನು ಇಂಗ್ಲಿಷಿಗೆ ತಂದ ವ್ಯೂರ್ತ್ ಎಲ್ಲರೂ ಬಂದದ್ದು ನಮ್ಮನ್ನು ಬದಲಾಯಿಸಲಿಕ್ಕೇ. ಭಾಷೆಗೆ ಅವರು ಮಾಡಿದ ಉಪಕಾರ ದೊಡ್ಡದು, ಉದ್ದೇಶ ಬೇರೆಯದು. ಎರಡನ್ನೂ ಒಟ್ಟಿಗೇ ಹೇಳಲು ನಮಗೆ ಸಂಕೋಚ ಬೇಡ.

ಆದರೆ ಆ ಉದ್ದೇಶ ನಮ್ಮ ಸೀಮೆಯಲ್ಲಿ ಎಷ್ಟರಮಟ್ಟಿಗೆ ಕೈಗೂಡಿತು ಎನ್ನುವುದನ್ನೂ ನೋಡಬೇಕಲ್ಲ. ಗದಗ-ಬೆಟಗೇರಿಯ ಕಡೆ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಥದ ಜನರಿದ್ದರು. ಇವರೆಲ್ಲ ಗುಂಪುಗುಂಪಾಗಿ ಕ್ರಿಸ್ತನ ಕಡೆ ಬರುತ್ತಾರೆಂದು ಪಾದ್ರಿಗಳು ದೊಡ್ಡ ಆಸೆ ಇಟ್ಟುಕೊಂಡರು. ಬಂದವರಿಗೆ ಮನೆ-ಹೊಲ ಬೇಕಾಗುತ್ತದೆಂದು 1841ರಲ್ಲಿ ಮಲಸಮುದ್ರದಲ್ಲಿ ಜಮೀನು ಹಿಡಿದು ಒಂದು ಊರನ್ನೇ ಕಟ್ಟಲು ಹೊರಟರು. ಎಣಿಸಿದಂತೆ ಜನ ಬರಲಿಲ್ಲ, ಕೆಲವು ವರ್ಷಗಳಲ್ಲಿ ಯೋಜನೆ ಬಿದ್ದುಹೋಯಿತು. ಹೊಲ, ಮನೆ, ರಕ್ಷಣೆ ಎಲ್ಲವನ್ನೂ ಮುಂದಿಟ್ಟರೂ ಬಾರದ ಜನ, ಇವತ್ತು ಒಂದು ಅಕ್ಕಿ ಚೀಲಕ್ಕೆ ಧರ್ಮ ಬಿಡುತ್ತಾರೆಂದು ನೀವು ವೇದಿಕೆಯಿಂದ ಹೇಳುವಾಗ ನಮ್ಮ ಬಡವರ ಬಗ್ಗೆ ಎಂಥ ಮಾತಾಡುತ್ತಿದ್ದೀರಿ ಎಂದು ಒಮ್ಮೆ ಯೋಚಿಸಿ. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು 1823ರಲ್ಲಿ ಪುಸ್ತಕವನ್ನೇ ಬರೆದವನು ಮೈಸೂರು ಸೀಮೆಯಲ್ಲಿ ಬಹಳ ವರ್ಷ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ. ಅವನೇ ಕೈಚೆಲ್ಲಿದ್ದ.

ಶಾಲೆಯಿಂದಲೇ ಮತಾಂತರವಾದ ಪ್ರಸಂಗಗಳು ಇಲ್ಲವೆಂದಲ್ಲ. ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು 1844ರ ಮಂಗಳೂರಿನದು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತೆಗೆದುಕೊಂಡ. ಊರು ರೊಚ್ಚಿಗೆದ್ದಿತು, ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಆನಂದರಾವ್ ಮುಂದೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದ. ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಆತ ಬಡವನಲ್ಲ, ಹಸಿದವನಲ್ಲ, ಅನಕ್ಷರಸ್ಥನಲ್ಲ. ಓದಿ, ವಾದ ಮಾಡಿ, ಮನೆ-ಮಠ ಕಳೆದುಕೊಳ್ಳುವುದು ಗೊತ್ತಿದ್ದೂ ಹೋದವನು. ‘ಆಮಿಷ’ ಎಂಬ ನಿಮ್ಮ ಮಾತು ಅವನಿಗೆ ಹೊಂದುವುದಿಲ್ಲ. ಅಂಥವರು ಬೆರಳೆಣಿಕೆಯ ಮಂದಿ. ಮಿಷನ್ ಶಾಲೆಗಳಲ್ಲಿ ಕಲಿತ ನಮ್ಮ ನೂರಾರು ವಕೀಲರು, ಮಾಸ್ತರರು, ಮಾಮಲೇದಾರರು ಬೈಬಲ್ ಪಾಠವನ್ನು ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಕೇಳಿ, ಸಂಜೆ ಮನೆಗೆ ಬಂದು ವಿಭೂತಿ ಹಚ್ಚಿಕೊಂಡು ಊಟಕ್ಕೆ ಕುಳಿತರು.

ಹಾಗಾದರೆ ಹೋದವರು ಯಾರು? ಇದಕ್ಕೆ ಉತ್ತರ ಹುಡುಕಲು ಧಾರವಾಡಕ್ಕೆ ಹೋಗಬೇಕು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಒಬ್ಬ ಮಹಾರ ಹುಡುಗ ಪ್ರವೇಶ ಕೇಳಿದ. ಕೊಡಲಿಲ್ಲ. ಆ ಹುಡುಗ ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬ ಹುಡುಗನಿಗಾಗಿ ಉಳಿದ ಜಾತಿಯವರೆಲ್ಲ ಶಾಲೆ ಬಿಡುವಂತಾಗಬಾರದು ಎಂಬ ಧಾಟಿಯಲ್ಲಿ ಸರ್ಕಾರ ಕೈತೊಳೆದುಕೊಂಡಿತು. ಕಲ್ಕತ್ತೆಯ ಮೇಲಿನವರಿಗೆ ಇದು ಸರಿಕಾಣಲಿಲ್ಲ, ಲಂಡನ್ನಿನ ಕಂಪನಿ ನಿರ್ದೇಶಕರೂ ಸರ್ಕಾರಿ ಶಾಲೆ ಎಲ್ಲರಿಗೂ ಸೇರಿದ್ದು ಎಂದರು. ಕಾಗದದ ಮೇಲೆ ಹುಡುಗ ಗೆದ್ದ. ಆದರೆ ಅಂಥ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸುವ ಧೈರ್ಯ ಆಗ ಹೆಚ್ಚಾಗಿ ಇದ್ದದ್ದು ಮಿಷನ್ನಿನವರಿಗೆ. ಸರ್ಕಾರ ಹೆದರಿತು, ನಮ್ಮ ಅಗ್ರಹಾರ ಮತ್ತು ಮಠಗಳು ಆ ಕಡೆ ತಿರುಗಿಯೂ ನೋಡಲಿಲ್ಲ. ಪಾದ್ರಿ ಕರೆದ.

ಇಪ್ಪತ್ತು ವರ್ಷದ ಮೇಲೆ ಬಂತು 1876-78ರ ಧಾತು ಬರ. ಆಗ ನಮ್ಮದು ಕಲಾದಗಿ ಜಿಲ್ಲೆ. ಮುಂಬಯಿ ಇಲಾಖೆಯಲ್ಲಿ ಅದರಷ್ಟು ನುಗ್ಗಾದ ಜಿಲ್ಲೆ ಇನ್ನೊಂದಿರಲಿಲ್ಲ. 1872ರ ಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಲ್ಲವಾಯಿತು. ಸತ್ತವರು, ಊರು ಬಿಟ್ಟವರು, ಎಲ್ಲ ಸೇರಿ. ತಂದೆತಾಯಿ ಸತ್ತ ಮಕ್ಕಳನ್ನು ಮಿಷನ್ನಿನವರು ಅನಾಥಾಲಯಗಳಿಗೆ ಒಯ್ದರು. ಆ ಮಕ್ಕಳು ಕ್ರೈಸ್ತರಾಗಿ ಬೆಳೆದರು. ಇದು ಹಸಿದವರ ದುರ್ಬಲತೆಯ ದುರುಪಯೋಗ ಎಂದು ನೀವು ಹೇಳಬಹುದು, ಹೇಳಿ. ಅದೇ ಉಸಿರಿನಲ್ಲಿ, ಆ ಮಕ್ಕಳನ್ನು ಎತ್ತಿಕೊಳ್ಳಲು ಊರಲ್ಲಿ ಬೇರೆ ಯಾರು ಬಂದಿದ್ದರು ಎಂದೂ ಹೇಳಿ.

ಮತಾಂತರವಾದವನನ್ನು ನಾವು ಏನು ಮಾಡಿದೆವು ಎನ್ನುವುದೂ ಈ ಕಥೆಯ ಭಾಗ. ಜಾತಿಯಿಂದ ಹೊರಗೆ ಹಾಕಿದೆವು, ಬಾವಿ ಮುಟ್ಟಗೊಡಲಿಲ್ಲ, ಕಸುಬು ಕಸಿದುಕೊಂಡೆವು. ಅವರಿಗೆ ಹೊಟ್ಟೆಪಾಡು ಮಾಡಿಕೊಡಲೆಂದೇ ಮಿಷನ್ ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ ಹಾಕಬೇಕಾಯಿತು. ಇವತ್ತಿಗೂ ನಮ್ಮ ಹಳೆಯ ವಾಡೆಗಳ ಮೇಲೆ ಮಂಗಳೂರು ಹಂಚು ಕಾಣುತ್ತದೆ.

ಈಗ ನಿಮ್ಮ ಹಿರಿಯರ ಕಥೆಗೆ ಬರುತ್ತೇನೆ, ಈ ಪತ್ರ ಬರೆದದ್ದೇ ಅದಕ್ಕಾಗಿ. ಮಿಷನ್ ಶಾಲೆಗಳನ್ನು ಕಣ್ಣಾರೆ ಕಂಡ ಆ ತಲೆಮಾರು ‘ಎಚ್ಚರ’ ಎಂದು ಭಾಷಣ ಮಾಡುತ್ತ ಕೂಡಲಿಲ್ಲ. ಶಾಲೆ ಕಟ್ಟಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲು ತೆರೆದರು. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತು. 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಮಾಸ್ತರರು ಸೇರಿ ಕೆ.ಎಲ್.ಇ. ಕಟ್ಟಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಹುಡುಗರಿಗೆ ಊಟ-ವಸತಿ ಕೊಟ್ಟು ಓದಿಸಿದರು. ನಮ್ಮ ಆಲಮಟ್ಟಿಯಲ್ಲಿ ಹರ್ಡೇಕರ ಮಂಜಪ್ಪನವರು ವಿದ್ಯಾಲಯ ನಡೆಸಿದರು. ಬಂಥನಾಳದ ಸಂಗನಬಸವ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ ಬಿ.ಎಲ್.ಡಿ.ಇ.ಯನ್ನು ಬೆಳೆಸಿದರು.

ಇವರಲ್ಲಿ ಹಳಕಟ್ಟಿಯವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅವರು ಓದಿದ್ದು ಮುಂಬಯಿಯಲ್ಲಿ ಜೆಸುಯಿಟ್ ಪಾದ್ರಿಗಳು ನಡೆಸುತ್ತಿದ್ದ ಸೇಂಟ್ ಝೇವಿಯರ್ ಕಾಲೇಜಿನಲ್ಲಿ. ಅಲ್ಲಿಂದ ಹೊರಬಂದದ್ದು ಕ್ರೈಸ್ತರಾಗಿ ಅಲ್ಲ, ಮನೆಮನೆಯ ಜಂತಿಯ ಮೇಲೆ ಹುಳ ಹಿಡಿಯುತ್ತಿದ್ದ ತಾಳೆಗರಿ ಕಟ್ಟುಗಳನ್ನು ಕೇಳಿಕೊಂಡು ತಿರುಗುವವರಾಗಿ. ಸೈಕಲ್ ತುಳಿದು ಅವರು ವಚನ ಕೂಡಿಹಾಕಿದ್ದನ್ನು ವಿಜಯಪುರದಲ್ಲಿ ಈಗಲೂ ಹೇಳುತ್ತಾರೆ. ಇನ್ನೊಂದು ಮಾತೂ ಈ ಕಡೆ ಬಾಯಿಂದ ಬಾಯಿಗೆ ಬಂದಿದೆ. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಅವರು ಮುದ್ರಣಕ್ಕೆಂದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರಂತೆ, ಪ್ರೆಸ್ಸಿನವರು ಓದಿ ನೋಡಿ ಹಸ್ತಪ್ರತಿಯನ್ನೂ ಹಣವನ್ನೂ ವಾಪಸು ಕಳಿಸಿದರಂತೆ. ಇಂಥದ್ದು ಅಚ್ಚಾದರೆ ನಮ್ಮ ಮಾತು ಇಲ್ಲಿ ಯಾರು ಕೇಳುತ್ತಾರೆ ಎಂದು ಅವರಿಗೆ ಅನ್ನಿಸಿತಂತೆ. ಕಥೆಯಲ್ಲಿ ಎಷ್ಟು ಉಪ್ಪು-ಕಾರ ಸೇರಿದೆಯೋ, ಪುಸ್ತಕದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು ಎನ್ನುವುದು ನಿಜ. 1925ರಲ್ಲಿ ಅವರು ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತಂದರು. ಪಾದ್ರಿಗಳಿಂದ ಅಚ್ಚುಮೊಳೆಯನ್ನೂ ಶಾಲೆಯ ವೇಳಾಪಟ್ಟಿಯನ್ನೂ ಕಲಿತು, ಅದನ್ನೇ ವಚನಕ್ಕೆ ದುಡಿಸಿದರು. ಒಬ್ಬ ಪಾದ್ರಿಯನ್ನೂ ಊರಿನಿಂದ ಓಡಿಸಲಿಲ್ಲ.

ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯುನಿಟೇರಿಯನ್ ಕ್ರೈಸ್ತರ ಸಹಾಯಧನದಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1903ರವರೆಗೆ ಧರ್ಮಶಾಸ್ತ್ರ ಓದಿ ಬಂದು, 1906ರಲ್ಲಿ ಅಸ್ಪೃಶ್ಯರ ಶಿಕ್ಷಣಕ್ಕೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದರು. ಅದೇ ಹೆಸರಿನ ಕೆಲಸವನ್ನು ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ತೊಡಗಿದ್ದರು. ಇಬ್ಬರನ್ನೂ ಅವರವರ ಜಾತಿಯವರೇ ಬೈದರು ಎನ್ನುವುದನ್ನು ನಿಮ್ಮ ಭಾಷಣಕಾರರು ಎಂದೂ ಹೇಳುವುದಿಲ್ಲ.

ಇನ್ನು ಕಾನೂನಿನ ಮಾತು. 2022ರ ಸೆಪ್ಟೆಂಬರಿನಲ್ಲಿ ಬಂದ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕಿನ ಸಂರಕ್ಷಣಾ ಕಾಯ್ದೆಯನ್ನು ನಿಮ್ಮಲ್ಲಿ ಬಹಳ ಮಂದಿ ಸ್ವಾಗತಿಸಿದಿರಿ. 2023ರ ಜೂನಿನಲ್ಲಿ ಸಚಿವ ಸಂಪುಟ ಅದನ್ನು ತೆಗೆಯಲು ತೀರ್ಮಾನಿಸಿದಾಗ ಸಿಟ್ಟಾದಿರಿ. ಕಾಯ್ದೆಯಲ್ಲಿ ‘ಆಮಿಷ’ದ ವ್ಯಾಖ್ಯೆಯನ್ನು ಓದಿದ್ದೀರಾ? ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ-ಕಾಲೇಜಿನಲ್ಲಿ ಉಚಿತ ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಮತಾಂತರದ ಉದ್ದೇಶವಿದ್ದರೆ ಮಾತ್ರ ಎನ್ನುತ್ತಾರೆ ವಕೀಲರು, ಒಪ್ಪಿದೆ. ಆದರೂ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಬೆನ್ನಿಗಂಟಿಸಿಕೊಂಡು ಬಂದ ಪರಂಪರೆಯವರು, ಬಡ ಮಗುವಿಗೆ ಪುಕ್ಕಟೆ ಅಕ್ಷರ ಕಲಿಸುವುದನ್ನು ಅಪರಾಧದ ಪಟ್ಟಿಯಲ್ಲಿ ನೋಡಿದಾಗ ಒಂದು ಕ್ಷಣವಾದರೂ ಬೆಚ್ಚಬೇಕಿತ್ತು. ಪ್ರಸಾದ ನಿಲಯದಲ್ಲಿ ಉಂಡು ಓದಿದ ಹುಡುಗ ಲಿಂಗದೀಕ್ಷೆ ಬೇಡಿದರೆ ನೀವು ಸಂತೋಷಪಡುತ್ತೀರಿ. ಅದು ತಪ್ಪೆಂದು ನಾನು ಹೇಳಲಾರೆ.

ನಮ್ಮ ನೆಲದ ದೊಡ್ಡ ಕಥೆಯೇ ಹುಟ್ಟಿದ ಮತವನ್ನು ಬಿಟ್ಟು ಹೊರಟವರದ್ದು. ಬಾಗೇವಾಡಿಯಲ್ಲಿ ಜನಿವಾರ ಕಳಚಿ ಹೋದ ಹುಡುಗ, ಕಲ್ಯಾಣದಲ್ಲಿ ಸಮಗಾರ ಹರಳಯ್ಯನಿಗೂ ಬ್ರಾಹ್ಮಣ ಮಧುವರಸನಿಗೂ ಬೀಗತನವಾಗುವಂಥ ಕಾಲ ತಂದ. ಆ ಹುಡುಗನ ಮಡದಿ ನೀಲಮ್ಮ ಐಕ್ಯಳಾದದ್ದು ನಮ್ಮ ತಂಗಡಗಿಯ ಕೃಷ್ಣೆಯ ದಂಡೆಯಲ್ಲಿ ಎಂದು ನಾವು ಹೆಮ್ಮೆಪಡುತ್ತೇವೆ. ಆಕೆಯನ್ನು ಕಲ್ಯಾಣದಿಂದ ಕರೆತಂದ ಹಡಪದ ಅಪ್ಪಣ್ಣ ಕ್ಷೌರಿಕ ಕುಲದವನು, ಅವನ ಹೆಸರಿನ ಪೀಠ ಇವತ್ತು ನಮ್ಮ ಊರಲ್ಲೇ ಇದೆ. ಇಷ್ಟೆಲ್ಲ ಇಟ್ಟುಕೊಂಡವರು ‘ಹುಟ್ಟಿದ ಧರ್ಮ ಬಿಡುವುದು ಪಾಪ’ ಎಂದು ಈ ಊರಿನ ವೇದಿಕೆಯ ಮೇಲೆ ನಿಂತು ಹೇಳಿದರೆ ಕೇಳುವವರಿಗೆ ಇರುಸುಮುರುಸಾಗುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಿಸಿಕೊಳ್ಳಲು ಹಳ್ಳಿಯವರು ನನ್ನ ಕಟ್ಟೆಗೆ ಬರುತ್ತಾರೆ. ಹಾಗೆ ಬಂದವಳು ಒಬ್ಬ ತಾಯಿ. ಗಂಡ-ಹೆಂಡತಿ ಗೋವೆಗೆ ಗುಳೆ ಹೋಗಿ ಗೌಂಡಿ ಕೆಲಸ ಮಾಡುವವರು, ಮಗಳು ಇಲ್ಲಿ ಅಜ್ಜಿಯ ಹತ್ತಿರ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆಸಿಕೊಂಡು ಬಂದಿದ್ದಳು. ನಂಬರು ಬರೆದುಕೊಳ್ಳುತ್ತ, ಗೋವೆಯಲ್ಲಿ ಪ್ರಾರ್ಥನೆಗೆ ಹೋಗುತ್ತೀಯಂತೆ, ಹೌದೇನವ್ವಾ ಎಂದೆ. ಊರಲ್ಲಿ ಆ ಮಾತು ಹಬ್ಬಿತ್ತು. ಅವಳು ತಲೆ ಎತ್ತಲಿಲ್ಲ.

“ಐತವಾರ ಹೋಗ್ತೀನ್ರಿ ಸರ್. ಪ್ರಾರ್ಥನಿ ಮುಗದ ಮ್ಯಾಲ ಎಲ್ಲಾರಿಗೂ ಚಾ ಕೊಡ್ತಾರ್ರಿ. ನಮಗ ಬ್ಯಾರೆ ಕಪ್ಪು ಇಡೂದಿಲ್ರಿ.”

ಇಷ್ಟು ಹೇಳಿ, ಸ್ವಲ್ಪ ತಡೆದು, “ಹೆಸರೇನೂ ಬದಲ್ ಮಾಡ್ಕೊಂಡಿಲ್ರಿ. ಹಂಗೇನರ ಮಾಡಿದ್ರ ಹುಡುಗಿ ಸರ್ಟಿಫಿಕೇಟ್ ಹೋಗ್ತೈತಂತಲ್ರಿ?” ಎಂದು ಕೇಳಿದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನಮಾನ ಹೋಗುತ್ತದೆ. ಮಗಳ ಸೀಟು, ಸ್ಕಾಲರ್‌ಶಿಪ್ಪು, ಮುಂದಿನ ನೌಕರಿ ಎಲ್ಲಕ್ಕೂ ಏಟು ಬೀಳುತ್ತದೆ. ಕಾಗದದ ಲೆಕ್ಕದಲ್ಲಿ ಅವಳಿಗೆ ಮತಾಂತರದಿಂದ ಬರುವುದಕ್ಕಿಂತ ಕಳೆಯುವುದೇ ಹೆಚ್ಚು. ಅಷ್ಟು ಗೊತ್ತಿದ್ದೂ ಐತವಾರ ಅವಳ ಕಾಲು ಆ ಕಡೆ ನಡೆಯುತ್ತದೆಂದರೆ ಎಳೆಯುತ್ತಿರುವುದು ದುಡ್ಡಲ್ಲ.

ಹುಡುಗಿಗೆ ಮೊರಾರ್ಜಿ ಸೀಟು ಸಿಗಲಿಲ್ಲ. ತಾಯಿ ಅವಳನ್ನು ಹತ್ತಿರದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕರೆದುಕೊಂಡು ಹೋದಳು. ಯಾವುದೆಂದು ಹೆಸರು ಹೇಳುವುದಿಲ್ಲ, ಪ್ರಾರ್ಥನೆಯ ವೇಳೆ ವಚನ ಹೇಳಿಸುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗುಮಾಸ್ತರು ಮೊದಲು ಯಾವ ಊರು ಎಂದು ಕೇಳಿದರು, ಆಮೇಲೆ ಯಾವ ಓಣಿ ಎಂದರು, ಆಮೇಲೆ ಡೊನೇಶನ್ನಿನ ಅಂಕಿ ಹೇಳಿದರು. ಅವಳು ಮುಂದೇನೂ ಕೇಳದೆ ತಿರುಗಿ ಬಂದಳು. ಹುಡುಗಿ ಈಗ ಊರಿನ ಸರ್ಕಾರಿ ಶಾಲೆಯಲ್ಲಿದ್ದಾಳೆ. ಚೆನ್ನಾಗಿ ಓದುತ್ತಾಳೆ, ಗಣಿತದಲ್ಲಿ ಚುರುಕು.

ಅವಳು ನಾಳೆ ಯಾವ ದೇವರಿಗೆ ಕೈಮುಗಿಯುತ್ತಾಳೆ ಎನ್ನುವುದು ಅವಳಿಗೆ ಬಿಟ್ಟದ್ದು. ಸಂವಿಧಾನದ 25ನೇ ವಿಧಿ ಅದನ್ನು ಅವಳ ಕೈಗೇ ಕೊಟ್ಟಿದೆ. ಪ್ರಾರ್ಥನೆಗೆ ಕರೆಯುವವರೆಲ್ಲ ಒಳ್ಳೆಯವರೆಂದು ನಾನು ವಾದಿಸುತ್ತಿಲ್ಲ. ಎಣ್ಣೆ ಹಚ್ಚಿ ಪ್ರಾರ್ಥಿಸಿದರೆ ಕ್ಯಾನ್ಸರ್ ಹೋಗುತ್ತದೆ, ಔಷಧಿ ನಿಲ್ಲಿಸು ಎನ್ನುವವನು ಪಾದ್ರಿಯಾಗಲಿ, ನಮ್ಮ ದೇವರಿಷಿಯಾಗಲಿ, ಅವನ ಮೇಲೆ ಪೊಲೀಸರಿಗೆ ದೂರು ಕೊಡಬೇಕು. ಅದಕ್ಕೆ ಮತಾಂತರ ಕಾಯ್ದೆ ಬೇಕಿಲ್ಲ. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧರ್ಮಬೋಧೆಗೆ ಕೂಡಿಸುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಅದು ಕಾನ್ವೆಂಟಿಗೂ ಅನ್ವಯಿಸುತ್ತದೆ, ನಿಮ್ಮ ಶಾಲೆಗೂ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ನಿಮ್ಮ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮತಾಂತರದ ಬಗ್ಗೆ ಠರಾವು ಮಾಡುವುದಕ್ಕೆ ಮೊದಲು ಪ್ರವೇಶ ರಿಜಿಸ್ಟರನ್ನು ಮೇಜಿನ ಮೇಲೆ ತರಿಸಿ. ಕಳೆದ ಐದು ವರ್ಷದಲ್ಲಿ ಹೊಲೆಯ, ಮಾದಿಗ, ಲಂಬಾಣಿ, ಬೇಡರ ಮನೆಯ ಎಷ್ಟು ಮಕ್ಕಳು ನಿಮ್ಮಲ್ಲಿ ಸೇರಿದ್ದಾರೆ, ಎಷ್ಟು ಮಂದಿ ನಡುವೆ ಬಿಟ್ಟರು, ಯಾವ ತರಗತಿಯಲ್ಲಿ ಬಿಟ್ಟರು ಎಂದು ಎಣಿಸಿ. ಬೋಧಕರ ಪಟ್ಟಿಯನ್ನೂ ಹಾಗೆಯೇ ನೋಡಿ. ಪ್ರಸಾದ ನಿಲಯದ ಅಡುಗೆಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ, ಯಾರಿಗೆ ಒಳಗೆ ಬರಲು ಬಿಡುವುದಿಲ್ಲ ಎಂದು ಒಂದು ದಿನ ಹೇಳದೆ ಹೋಗಿ ನೋಡಿ ಬನ್ನಿ. ಗುಳೆ ಹೋದವರ ಮಕ್ಕಳಿಗೆಂದು ಪ್ರತಿ ಶಾಲೆಯಲ್ಲಿ ಕೆಲವು ಸೀಟು, ಊಟ, ವಸತಿ ಪುಕ್ಕಟೆ ಇಡಲು ಸಾಧ್ಯವೇ ಎಂದು ಖಜಾಂಚಿಯವರನ್ನು ಕೇಳಿ. ಜಾತ್ರೆಯ ಮದ್ದಿನ ಖರ್ಚು, ಪೆಂಡಾಲಿನ ಖರ್ಚು ಅವರಿಗೆ ಬಾಯಿಪಾಠ ಇರುತ್ತದೆ, ಹೋಲಿಸಿ ಹೇಳುತ್ತಾರೆ.

ಈ ಲೆಕ್ಕವನ್ನು ಬಚ್ಚಿಡಬೇಡಿ, ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿ. ಜೂನಿನಲ್ಲಿ ಶಾಲೆ ಶುರುವಾಗುತ್ತದೆ, ಅಡ್ಮಿಶನ್ನು ಮೇ ತಿಂಗಳಿನಿಂದಲೇ ನಡೆಯುತ್ತದೆ. ಅಷ್ಟರೊಳಗೆ ಒಂದೆರಡು ಸಂಸ್ಥೆಗಳಾದರೂ ಹಚ್ಚಿದರೆ, ಅರ್ಜಿ ತುಂಬಿಸಿಕೊಳ್ಳಲು ಬಂದ ತಾಯಂದಿರನ್ನು ಆ ಶಾಲೆಗೆ ನಾನೇ ಕರೆದುಕೊಂಡು ಬರುತ್ತೇನೆ. ಓಣಿ ಕೇಳುವುದನ್ನು ಮಾತ್ರ ನಿಮ್ಮ ಗುಮಾಸ್ತರಿಗೆ ನಿಲ್ಲಿಸಲು ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ತಂಗಡಗಿಯ ಒಬ್ಬ ನಿವೃತ್ತ ಕನ್ನಡ ಶಾಲೆ ಮಾಸ್ತರ